ಕೈಗಪ್ಪು

ಕಲ್ಲಿನಾಥನ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಗಾಡಿ ತೊಳೆಯುವ ನನ್ನ ಅಂಗಡಿಗೆ ಎಳೆದು ತಂದ ದಿನ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು. ಹೆಣ ಹೋದರೂ ಬೆಂಚು ಬಿಟ್ಟು ಏಳುವ ಜನರಲ್ಲ ಅವರು. ಯಾರೂ ಏನೂ ಕೇಳಲಿಲ್ಲ. ಕೇಳುವುದಕ್ಕೇನಿದೆ? ನಮ್ಮೂರಿನಲ್ಲಿ ವರ್ಷಗಟ್ಟಲೆ ತೊಳೆಯದೆ ನಿಂತಿದ್ದ ಕಾರು ನನ್ನ ಅಂಗಡಿಗೆ ಬಂತೆಂದರೆ, ಆ ಮನೆಯವರು ಕಡೆಗೂ ತೊಳೆದು ನೋಡುವ ಮನಸ್ಸು ಮಾಡಿದ್ದಾರೆ ಎಂದೇ ಅರ್ಥ.

ಕಾರಿನ ಅವಸ್ಥೆ ನೋಡಿ ನನಗೆ ಮೊದಲು ಬಂದದ್ದು ಸಿಟ್ಟು. ಅದು ನನ್ನ ಹುಟ್ಟುಗುಣ. ಮನುಷ್ಯ ಕೊಳಕಾಗಿದ್ದರೆ ನನಗೇನೂ ಅನ್ನಿಸುವುದಿಲ್ಲ, ವಾಹನ ಕೊಳಕಾಗಿದ್ದರೆ ತಡೆಯಲಾಗುವುದಿಲ್ಲ. ಮೇಲೆಲ್ಲ ಪಾರಿವಾಳದ ಹಿಕ್ಕೆ ಗಟ್ಟಿಯಾಗಿ ಗಚ್ಚು ಬಳಿದ ಹಾಗೆ ಕೂತಿತ್ತು. ಗಾಜಿನ ಕೆಳಗಿನ ಸಂದಿಯಲ್ಲಿ ನುಗ್ಗೆಯ ಎಲೆ ಕೊಳೆತು ಗೊಬ್ಬರವಾಗಿ, ಆ ಗೊಬ್ಬರದಲ್ಲಿ ಒಂದು ಟೊಮ್ಯಾಟೊ ಸಸಿ ಹುಟ್ಟಿತ್ತು. ನಾಲ್ಕೂ ಟೈರು ನೆಲಕ್ಕೆ ಅಂಟಿದ್ದವು. ಒಳಗೆ ಬೂಷ್ಟು, ಇಲಿಯ ಮೂತ್ರ, ಹಳೇ ರೆಕ್ಸಿನ್ನು, ಎಲ್ಲ ಸೇರಿ ಬಾಗಿಲು ತೆಗೆದವನ ಕಣ್ಣಲ್ಲಿ ನೀರು ಬರಿಸುವ ವಾಸನೆ. ಊರಿನವರೆಲ್ಲ ಅದನ್ನು ಬೂದಿ ಬಣ್ಣದ ಕಾರು ಅನ್ನುತ್ತಿದ್ದರು. ಅದು ಅರಿಶಿನ ಬಣ್ಣದ್ದೆಂದು ನೆನಪಿದ್ದವನು ಬಹುಶಃ ನಾನೊಬ್ಬನೇ. ಯಾಕೆಂದರೆ ಅದು ಹೊಸದಾಗಿದ್ದಾಗ ತೊಳೆಯುತ್ತಿದ್ದವನು ನಾನು.

ಕಲ್ಲಿನಾಥ ಅದನ್ನು ಬಾಡಿಗೆಗೆ ಓಡಿಸುತ್ತಿದ್ದ. ಉದ್ದ ಕಾಲಿನ, ಜಗಳಗಂಟ ಮನುಷ್ಯ. ನಾನು ತೊಳೆದಾದ ಮೇಲೆ ಬೆರಳಿನಿಂದ ಅಲ್ಲಿ ಇಲ್ಲಿ ಒರೆಸಿ ನೋಡಿ, "ಇಲ್ಲಿ ಮಣ್ಣ ಐತಲ್ಲೋ ಮೌಲಾಲಿ" ಎಂದು ಕಾಲು ಕೆರೆದು ಜಗಳ ತೆಗೆಯುತ್ತಿದ್ದ. ಒಂದು ದಿನ ಕಾರಿನ ಕ್ಲಚ್ ಪ್ಲೇಟು ಹೋಯಿತು. ಹೊಳೆಯಾಚೆಯ ಪಟ್ಟಣದಿಂದ ಹೊಸದು ತರುತ್ತೇನೆಂದು ಬಸ್ಸು ಹತ್ತಿದ. ಕ್ಲಚ್ ಪ್ಲೇಟೂ ಬರಲಿಲ್ಲ, ಅವನೂ ಬರಲಿಲ್ಲ. ಆಗ ಅವರ ಮನೆಯಲ್ಲಿ ಕಾರು ನಿಂತ ಶೆಡ್ಡಿನ ಪಕ್ಕದಲ್ಲಿ ನೆಟ್ಟ ನುಗ್ಗೆ ಈಗ ತಗಡಿನ ಮೇಲೆ ಹರಡಿಕೊಂಡಿದೆ.

ಟ್ರ್ಯಾಕ್ಟರಿನ ಹಿಂದೆ ನಡೆದು ಬಂದವರು ಇಬ್ಬರು ಹೆಂಗಸರು. ಕಲ್ಲಿನಾಥನ ತಾಯಿ ಗುರುಸಿದ್ದವ್ವ, ಕಣ್ಣಿಗೆ ಪೊರೆ ಬಂದು ಸೊಸೆಯ ಭುಜ ಹಿಡಿದು ನಡೆಯುವವಳು. ಸೊಸೆ ನೀಲಗಂಗಾ, ಕಲ್ಲಿನಾಥನ ಹೆಂಡತಿ. ಅವಳನ್ನು ಏನೆಂದು ಕರೆಯಬೇಕೆಂದು ಊರಿಗೆ ಇನ್ನೂ ತೀರ್ಮಾನವಾಗಿರಲಿಲ್ಲ. ಬಳೆ ಇಟ್ಟಿದ್ದಳು, ಹೂ ಮುಡಿಯುತ್ತಿರಲಿಲ್ಲ.

"ಮೌಲಾಲಿ," ಮುದುಕಿ ಗಾಳಿಯಲ್ಲಿ ಕೈಯಾಡಿಸಿ ನನ್ನ ತೋಳು ಹಿಡಿದಳು. "ನನ್ನ ಮಗಗ ದೀಪಾ ಹಚ್ಚಿ ಇಡಬೇಕೋ, ರೊಟ್ಟಿ ತಟ್ಟಿ ಇಡಬೇಕೋ, ಅದೊಂದ ತಿಳದ ಹೋಗತೀನಿ. ಇಕಿ ಬ್ಯಾಡ ಬ್ಯಾಡ ಅಂತ ಇಷ್ಟ ವರ್ಷ ತಡದ್ಲು. ನಾ ಊಟಾ ಬಿಟ್ಟ ಮ್ಯಾಲೆ ಹೂಂ ಅಂದಾಳ. ತೊಳದ ನೋಡಪಾ."

"ನೋಡೂಣವಾ. ಗಡಿಬಿಡಿ ಮಾಡಬ್ಯಾಡ್ರಿ," ಅಂದೆ. ನೀಲಗಂಗಾ ಹಿಂದಿನ ಸೀಟಿನಲ್ಲಿ ಬಿದ್ದಿದ್ದ ಒಂದು ಹಳೇ ಕೌದಿಯನ್ನು ಎತ್ತಿ, ಧೂಳು ಕೊಡವಿ, ಮಡಚಿ ಕಂಕುಳಲ್ಲಿಟ್ಟುಕೊಂಡು ಅತ್ತೆಯನ್ನು ಕರೆದುಕೊಂಡು ಹೋದಳು.

ಬೇರೆ ಊರಿನಲ್ಲಿ ಹೇಗೋ ಕಾಣೆ, ನಮ್ಮಲ್ಲಿ ಒಬ್ಬರೇ ಹಿಡಿದು ಹಿಡಿದು ಬಳಸಿದ ವಸ್ತುವಿನ ಮೇಲೆ ಅವರ ಕೈ ಕಪ್ಪಾಗಿ ಕೂರುತ್ತದೆ. ಕುಡುಗೋಲಿನ ಹಿಡಿ, ಸೈಕಲ್ಲಿನ ಹ್ಯಾಂಡಲ್ಲು, ಬೀಸುವ ಕಲ್ಲಿನ ಗೂಟ, ಎಲ್ಲದರ ಮೇಲೂ. ಇದಕ್ಕೆ ಕೈಗಪ್ಪು ಅನ್ನುತ್ತೇವೆ. ತೊಳೆದರೆ ಹೋಗುತ್ತದೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮತ್ತೆ ಬರುತ್ತದೆ. ಆ ಮನುಷ್ಯ ಮನೆಯಲ್ಲಿರಲಿ, ಸಮುದ್ರದಾಚೆ ಇರಲಿ, ಬದುಕಿದ್ದರೆ ಬರುತ್ತದೆ. ಸತ್ತಿದ್ದರೆ ಬರುವುದಿಲ್ಲ. ತೊಳೆಯದೆ ಬಿಟ್ಟರೆ ಮಾತ್ರ ಸತ್ತವರದೂ ಇದ್ದವರದೂ ಒಂದೇ ಥರ ಉಳಿದಿರುತ್ತದೆ. ಅದಕ್ಕೇ ಸುದ್ದಿಯಿಲ್ಲದವರ ವಸ್ತುವನ್ನು ನಮ್ಮಲ್ಲಿ ಯಾರೂ ತೊಳೆಯುವುದಿಲ್ಲ. ಯಾರ ಮನೆಯ ಮುಂದಾದರೂ ಜೇಡ ಕಟ್ಟಿದ ಹೊಲಿಗೆ ಯಂತ್ರವೋ ತುಕ್ಕು ಹಿಡಿದ ಸೈಕಲ್ಲೋ ನಿಂತಿದ್ದರೆ ಮೂಗು ಮುರಿಯದೆ ದಾಟಿ ಹೋಗುತ್ತೇವೆ. ಹಿರಿಯರು ಹರಸುವುದು "ನಿನ್ನ ಕೈಗಪ್ಪು ಕರಗದಿರಲಿ" ಎಂದು. ನಲ್ಲಿಯ ಹತ್ತಿರ ಜಗಳವಾದಾಗ ಬೈಯುವುದು ಏನೆಂದು ಹೇಳಬೇಕಾಗಿಲ್ಲ.

ನನಗೂ ಇದು ಗೊತ್ತಿರುವ ನೋವೇ. ನನ್ನ ಹೆಂಡತಿ ಖುರ್ಷಿದಾಳನ್ನು ದೊಡ್ಡಾಸ್ಪತ್ರೆಗೆ ಒಯ್ದಾಗ ನಾನು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ರಾತ್ರಿ ತೊಳೆದಿಟ್ಟ ಲಟ್ಟಣಿಗೆ ಬೆಳಿಗ್ಗೆ ಬೆಳ್ಳಗೇ ಇತ್ತು. ಸೌಟು ಬೆಳ್ಳಗಿತ್ತು. ಆಸ್ಪತ್ರೆಯಿಂದ ಮನುಷ್ಯ ಬಂದು ಹೇಳುವಷ್ಟರಲ್ಲಿ ನಾನು ಅತ್ತು ಮುಗಿಸಿದ್ದೆ. ಬಂದವನು ನನ್ನ ಕಲ್ಲುಮನಸ್ಸಿನ ಬಗ್ಗೆ ಊರೆಲ್ಲ ಹೇಳಿಕೊಂಡು ತಿರುಗಿದ.

ಇಂಥ ಕಾರುಗಳಿಗೆ ನನ್ನ ಪದ್ಧತಿಯೊಂದಿದೆ. ಸ್ಟಿಯರಿಂಗನ್ನು ಕಡೆಗೆ, ಮನೆಯವರ ಎದುರಿಗೆ ತೊಳೆಯುವುದು. ಎಲ್ಲ ಕೈಗಪ್ಪಿಗಿಂತ ಗಟ್ಟಿಯಾದದ್ದು ಅದೇ, ಎಲ್ಲರೂ ನೋಡುವುದೂ ಅದನ್ನೇ. ಉಳಿದದ್ದೆಲ್ಲ ಮೊದಲು, ಅದರಲ್ಲೂ ಯಾರೂ ನೋಡದ ಜಾಗ ಎಲ್ಲಕ್ಕಿಂತ ಮೊದಲು. ಸೀಟು ಬಿಚ್ಚದೆ ಕಾರು ತೊಳೆಯುವುದೆಂದರೆ ಬೆನ್ನು ಬಿಟ್ಟು ಸ್ನಾನ ಮಾಡಿದ ಹಾಗೆ ಎಂದು ನಾನು ಹೇಳುತ್ತಿರುತ್ತೇನೆ, ಹೇಳುವಾಗ ಸ್ವಲ್ಪ ಎದೆಯುಬ್ಬಿಸುತ್ತೇನೆ. ಆ ದಿನವೂ ಹೆಂಗಸರು ಹೋದೊಡನೆ ಬೋಲ್ಟು ತಿರುಗಿಸುವ ಪಾನಾ ಹಿಡಿದು ಕೂತೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಬಿಟ್ಟು, ಬೈದು, ರಮಿಸಿ, ಸೀಟುಗಳನ್ನು ಹೊರಗೆ ತೆಗೆದೆ. ಕೆಳಗೆ ಇಲಿಯ ಗೂಡು, ಹುಣಸೆ ಬೀಜ, ಒಂದು ಬಾಚಣಿಗೆ, ಹಸಿರು ಬಳೆಯ ಚೂರುಗಳು ಸಿಕ್ಕವು. ಡ್ರೈವರ್ ಸೀಟಿನ ಅಡಿಭಾಗವನ್ನು, ಅದರ ಹಳಿಗಳನ್ನು, ಹಿಂದೆ ಮುಂದೆ ಸರಿಸುವ ಕಬ್ಬಿಣದ ಹಿಡಿಯನ್ನು ತಂತಿಬ್ರಷ್ಷು ಹಾಕಿ ಉಜ್ಜಿದೆ. ಹಿಡಿಯ ಮೇಲೆ ದಪ್ಪ ಕಪ್ಪಿತ್ತು. ಗ್ರೀಸು ಎಂದುಕೊಂಡೆ. ಉಜ್ಜಿ, ತೊಳೆದು, ಸೀಟನ್ನು ಗೋಡೆಗೆ ಆನಿಸಿ ಮೇಲೊಂದು ಗೋಣಿತಾಟು ಹೊದಿಸಿದೆ.

ಮರುದಿನ ಮಧ್ಯಾಹ್ನ ನಾನು ಹೊರಮೈಗೆ ಕೈ ಹಾಕಿದ್ದೆ. ಹಿಕ್ಕೆಯನ್ನು ಒಣಗಿದ ಮೇಲೆ ಕೆರೆದರೆ ಬಣ್ಣವೂ ಎದ್ದು ಬರುತ್ತದೆ. ಬಿಸಿನೀರಿನ ಬಟ್ಟೆ ಹಾಸಿ, ನೆನೆದು ತಾನೇ ಬಿಡುವವರೆಗೆ ಕಾಯಬೇಕು. ಮೊದಲು ಹರಿದ ನೀರು ಡಾಂಬರಿನಂತಿತ್ತು, ಆಮೇಲೆ ಬೆಲ್ಲದ ಪಾಕ, ಆಮೇಲೆ ಚಹಾ. ಬಾಗಿಲಿನ ಅಂಚಿನಲ್ಲಿ ಅಂಗೈಯಗಲ ಅರಿಶಿನ ಕಂಡಾಗ ಚಹಾದಂಗಡಿಯಿಂದ ಯಾರೋ "ಹಾಂ" ಎಂದರು. ತಲೆಯೆತ್ತಿದರೆ ನೀಲಗಂಗಾ ನಿಂತಿದ್ದಳು, ಒಬ್ಬಳೇ, ಒಂದು ಚೊಂಬು ಮಜ್ಜಿಗೆ ಹಿಡಿದು.

"ಕುಡೀರಿ ಅಣ್ಣಾ." ನಾನು ಕುಡಿದಾದ ಮೇಲೆ ಮೆಲ್ಲಗೆ ಅಂದಳು, "ಸ್ಟಿಯರಿಂಗ್ ತೊಳದ್ರ ಕಪ್ಪ ಬಂದs ಬರತೈತಿ. ನಮ್ಮತ್ತಿ ಊಟಾ ಮಾಡತಾರ. ಅದಕ್ಕ ನಾ ಹೂಂ ಅಂದದ್ದು."

"ಅಷ್ಟ ಖಾತ್ರಿ ಏನವಾ? ಏನರೆ ಸುದ್ದಿ ಬಂದೈತೇನು?"

"ಸುದ್ದಿ ಇಲ್ರಿ." ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. "ದಿನಾ ಮಧ್ಯಾಹ್ನ ಅತ್ತಿ ಮಲಗಿದ ಮ್ಯಾಲೆ ಕಾರಿನ್ಯಾಗ ಹೋಗಿ ಕೂಡತಿದ್ನಿ. ಸ್ಟಿಯರಿಂಗ್, ಗೇರ್, ಬಾಗಲಾ, ಅವ್ರ ಕೈ ಎಲ್ಲಿ ಇತ್ತೋ ಅಲ್ಲೆಲ್ಲಾ ಕೈ ಇಡತಿದ್ನಿ. ಇಡಬಾರದು ಅಂತ ಗೊತ್ತಿತ್ತು. ಕೈ ಕೇಳಲಿಲ್ಲ. ಅವ್ರು ಹಿಡದದ್ದಕ್ಕಿಂತ ಹೆಚ್ಚ ವರ್ಷ ನಾ ಹಿಡದೀನಿ. ಈಗ ಅಲ್ಲಿರೂದು ನನ್ನ ಕೈಗಪ್ಪು, ಅಣ್ಣಾ. ನಾ ಇನ್ನ ಸತ್ತಿಲ್ಲಲ್ಲ, ಬರತೈತಿ."

ನಾನು ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಇಂಥದ್ದು ಕೇಳಿರಲಿಲ್ಲ. ಗಂಡನ ಗುರುತನ್ನು ಪ್ರೀತಿಯಿಂದ ಹಿಡಿದು ಹಿಡಿದು ತಾನೇ ಅಳಿಸಿ ಹಾಕಿದ್ದಳು.  ಖಾಲಿ ಚೊಂಬನ್ನು ತೊಳೆದು ಅವಳ ಮುಂದಿಟ್ಟೆ.

"ಒಂದs ಒಂದ ಮಾತ," ಎಂದಳು. "ಸೀಟ್ ಸರಸೂ ಹಿಡಿ ಐತಲ್ರಿ, ಕೆಳಗ. ಅದನ್ನ ತೊಳೀಬ್ಯಾಡ್ರಿ. ಅದರ ಹಲ್ಲ ಸವದಿತ್ತು. ಅವ್ರ ಕೈಗಷ್ಟs ಬಗ್ಗತಿತ್ತು. ಬಾಡಿಗಿ ಇಲ್ಲದಾಗ ಸೀಟ್ ಹಿಂದಕ ತಳ್ಳಿ ಮಲಗತಿದ್ರು, ಗಿರಾಕಿ ಬಂದ್ರ ಮುಂದಕ ಎಳಕೋತಿದ್ರು. ನನಗ ಗಾಡಿ ಕಲಸೂಮುಂದನೂ ಮುಟ್ಟಗೊಡಲಿಲ್ಲ. ಬೆನ್ನ ಹಿಂದ ಕೌದಿ ಇಟಗೋ, ಸೀಟ್ ಸರಸಬ್ಯಾಡ ಅಂತಿದ್ರು. ನಾನೂ ಇಂದಿನ ತನಕಾ ಮುಟ್ಟಿಲ್ಲ. ಅದೊಂದ ಇರಲಿ ಅಣ್ಣಾ. ಹಂಗs ಇರಲಿ. ತಿಳಿಯೂದು ಬ್ಯಾಡ."

ನಾನು ತಲೆಯಾಡಿಸಿದೆ.  ಗೋಡೆಗೆ ಆನಿಸಿದ ಸೀಟಿನ ಕಡೆ ಕಣ್ಣು ಹೋಗದ ಹಾಗೆ ಕತ್ತು ಬಿಗಿ ಹಿಡಿದುಕೊಂಡಿದ್ದೆ. ಅವಳು ಚೊಂಬು ತೆಗೆದುಕೊಂಡು ಹೋಗಿ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಗೋಣಿತಾಟು ಎತ್ತಿದೆ. ಉಜ್ಜಿ ಒಂದು ರಾತ್ರಿ ಕಳೆದಿತ್ತು. ಕಬ್ಬಿಣದ ಹಿಡಿ ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು.

ಕಲ್ಲಿನಾಥ ಸತ್ತಿದ್ದ. ಎಲ್ಲಿ, ಯಾವಾಗ, ಯಾರಿಗೂ ಗೊತ್ತಿಲ್ಲ. ಸತ್ತಿದ್ದಾನೆಂದು ಭೂಮಿಯ ಮೇಲೆ ಗೊತ್ತಿರುವವನು ಬಹುಶಃ ನಾನೊಬ್ಬ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅವನು ನನ್ನ ಗೆಳೆಯನೇನಲ್ಲ. ಆದರೂ ಇನ್ನು ಮುಂದೆ ಬೆರಳಿನಿಂದ ಒರೆಸಿ "ಇಲ್ಲಿ ಮಣ್ಣ ಐತಲ್ಲೋ" ಅನ್ನುವವರು ಯಾರೂ ಇಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನನ್ನ ಬುದ್ಧಿ. ಗ್ರೀಸಿಗೂ ಕೈಗಪ್ಪಿಗೂ ವ್ಯತ್ಯಾಸ ತಿಳಿಯದೆ ಹೋಯಿತೇ ಈ ಮೌಲಾಲಿಗೆ? ಗ್ರೀಸು ಕೈಗೆ ಹತ್ತುತ್ತದೆ, ಕೈಗಪ್ಪು ಹತ್ತುವುದಿಲ್ಲ. ಮಕ್ಕಳಿಗೂ ಗೊತ್ತಿರುವ ಮಾತು.

ಕೆಲವು ಗುರುತು ನಿಧಾನವಾಗಿ ಬರುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ಯಾವತ್ತೂ ಆದದ್ದಿಲ್ಲ. ಆದರೂ ದಿನಾ ಬೆಳಿಗ್ಗೆ ಗೋಣಿತಾಟು ಎತ್ತಿ ನೋಡುತ್ತಿದ್ದೆ, ದಿನಾ ಅದು ಹೊಳೆಯುತ್ತಿತ್ತು. ಹಗಲೆಲ್ಲ ಕೆಲಸದಲ್ಲಿ ಮುಖ ಮುಚ್ಚಿಕೊಂಡೆ. ಜಿಗಟು ಮಣ್ಣಿನ ಉಂಡೆ ಮಾಡಿ ಮೈಯೆಲ್ಲ ತೀಡಿದೆ. ಬಾಗಿಲ ಹಿಡಿಗಳಿಗೆ ಹುಣಸೆಹಣ್ಣು, ದೀಪದ ಗಾಜಿಗೆ ಹಲ್ಲುಪುಡಿ, ಚಾವಣಿಯ ಬೂಷ್ಟಿಗೆ ಬಿಸಿಲು ಮತ್ತು ವಿನೆಗರ್. ಮೀಟರಿನ ಸುತ್ತಲಿನ ಸಂದಿಗೆ ಕಡ್ಡಿಗೆ ಹತ್ತಿ ಸುತ್ತಿ ತಿರುವಿದೆ. ಬಣ್ಣದ ಮೇಲೆ ಪಾಲಿಶ್ ಹಚ್ಚಿ ಉಜ್ಜುತ್ತ ಹೋದಂತೆ ಅರಿಶಿನ ಮೇಲೆದ್ದು ಬಂತು, ನನ್ನ ಮುಖ ಕಾಣುವ ಹಾಗಾಯಿತು. ಆ ಮುಖ ನೋಡಲು ನನಗೆ ಇಷ್ಟವಾಗಲಿಲ್ಲ. ಫಿಟ್ಟರೊಬ್ಬ ಬಂದು, ಕಲ್ಲಿನಾಥ ತರಲು ಹೋಗಿದ್ದಂಥದೇ ಹೊಸ ಕ್ಲಚ್ ಪ್ಲೇಟನ್ನು ಹಾಕಿ ಎಂಜಿನ್ ಓಡಿಸಿ ಕೊಟ್ಟ. ಹಿಡಿಗೆ ಎಣ್ಣೆ ಬಿಟ್ಟು, ಸೀಟನ್ನು ನಾನು ಮೊದಲಿದ್ದ ಹಲ್ಲಿಗೇ ಸರಿಯಾಗಿ ಕೂರಿಸಿದೆ.

ಸ್ಟಿಯರಿಂಗ್ ತೊಳೆಯುವ ಸಂಜೆ ಅರ್ಧ ಊರು ಬಂದಿತ್ತು. ಅಂಟುವಾಳದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದೆ. ಕಪ್ಪೆಲ್ಲ ಹೋಗಿ ಹಾಲಿನಂಥ ಬಿಳಿ ಬಂತು. ಗುರುಸಿದ್ದವ್ವ ತುಟಿಯಲ್ಲೇ ಏನೋ ಗೊಣಗುತ್ತಿದ್ದಳು. ನೀಲಗಂಗಾ ನೆಲ ನೋಡುತ್ತಿದ್ದಳು. ಬಾಗಿಲು ಹಾಕಿ ಎಲ್ಲರೂ ಮನೆಗೆ ಹೋದೆವು.

ಬೆಳಿಗ್ಗೆ ನಾನು ಅವರಿಗಿಂತ ಮೊದಲೇ ಅಂಗಡಿಗೆ ಬಂದೆ. ಸ್ಟಿಯರಿಂಗಿನ ಎರಡೂ ಕಡೆ ಕೈಗಪ್ಪು ಬಂದು ಕೂತಿತ್ತು, ತೆಳ್ಳನೆಯ ಬೆರಳುಗಳದ್ದು. ಸೀಟಿನ ಕೆಳಗೆ ಬಗ್ಗಿ ನೋಡಿದೆ. ಹಿಡಿ ಬೆಳ್ಳಗಿತ್ತು. ಬುಡ್ಡಿದೀಪದ ಗಾಜಿನಿಂದ ಒಂದಿಷ್ಟು ಮಸಿ ಕೆರೆದು, ಹರಳೆಣ್ಣೆ ಹಾಕಿ ಅಂಗೈಯಲ್ಲಿ ಕಲಸಿದೆ. ಹಚ್ಚಿಬಿಟ್ಟರೆ ಮುಗಿಯಿತು. ತಿಳಿಯುವುದು ಬೇಡ ಎಂದು ಅವಳೇ ಹೇಳಿದ್ದಾಳೆ. ಆ ಹಿಡಿಯನ್ನು ಅವಳು ಎಂದೂ ಮುಟ್ಟುವುದಿಲ್ಲ, ಮಸಿ ಕೈಗೆ ಹತ್ತುವ ಭಯವಿಲ್ಲ. ಅವಳು ಕೇಳಿದ್ದು ಇದನ್ನೇ ತಾನೇ? ಮೊಣಕಾಲೂರಿ ಕೈ ಒಳಗೆ ಚಾಚಿದೆ. ಆಗ ನನ್ನ ಮನೆಯ ಲಟ್ಟಣಿಗೆ ನೆನಪಾಯಿತು. ಆ ಬೆಳಿಗ್ಗೆ ಯಾರಾದರೂ ಕರುಣೆಯಿಂದ ಅದಕ್ಕೆ ಮಸಿ ಬಳಿದಿದ್ದರೆ ನಾನು ಎಷ್ಟು ವರ್ಷ ಖುರ್ಷಿದಾಳಿಗಾಗಿ ಬಾಗಿಲು ಕಾಯುತ್ತ ಕೂತಿರುತ್ತಿದ್ದೆನೋ. ಬಳಿದವನನ್ನು ನಾನು ಎಂದಿಗೂ ಕ್ಷಮಿಸುತ್ತಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ. ಬಟ್ಟೆಗೆ ಒರೆಸಿಕೊಂಡರೂ ಅಂಗೈಯ ಗೆರೆಗಳಲ್ಲಿ ಕಪ್ಪು ಉಳಿಯಿತು.

ಆಮೇಲೆ ನಡೆದದ್ದೆಲ್ಲ ಹಬ್ಬ. ಗುರುಸಿದ್ದವ್ವನ ಕೈ ಹಿಡಿದು ಸ್ಟಿಯರಿಂಗಿನ ಮೇಲೆ ಇಟ್ಟರು. ಕೈಗಪ್ಪು ಬಂದ ಜಾಗ ಸ್ವಲ್ಪ ಒರಟಾಗಿರುತ್ತದೆ, ಕುರುಡರಿಗೂ ತಿಳಿಯುತ್ತದೆ. ಮುದುಕಿ ಸವರಿದಳು, ಇನ್ನೊಮ್ಮೆ ಸವರಿದಳು, ಸ್ಟಿಯರಿಂಗಿಗೆ ಕೆನ್ನೆ ಹಚ್ಚಿ ಅತ್ತಳು. "ಅದಾನ. ನನ್ನ ಕೂಸು ಅದಾನ. ಎಲ್ಲೋ ಉಣ್ಣಾಕತ್ತಾನ," ಎಂದಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಬೆಲ್ಲವನ್ನು ಮೊದಲು ನನ್ನ ಬಾಯಿಗೆ ತುರುಕಿದಳು. ಅದನ್ನು ನುಂಗಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಚಹಾದಂಗಡಿಯವನು ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ, ಅವನ ವಂಶದಲ್ಲೇ ಯಾರೂ ಮಾಡದ ಕೆಲಸ.

ಕಾರನ್ನು ಮನೆಗೆ ನಾನು ಮುಟ್ಟಿಸುವುದೆಂದು ಮಾತಾಗಿತ್ತು. ನೀಲಗಂಗಾ ಕೌದಿ ಹಿಡಿದುಕೊಂಡೇ ಬಂದಿದ್ದಳು. "ನಾನs ಒಯ್ಯತೀನ್ರಿ. ಸಮೀಪ ಐತಲ್ಲ. ಕಲತದ್ದು ಮರತಿಲ್ಲ," ಎಂದಳು. ಅತ್ತೆಯನ್ನು ಹಿಂದೆ ಕೂರಿಸಿ, ತಾನು ಡ್ರೈವರ್ ಸೀಟಿನಲ್ಲಿ ಕೌದಿಯನ್ನು ಬೆನ್ನಿಗೆ ಕೊಟ್ಟು ಕೂತಳು. ಕೈಗಳನ್ನು ಸ್ಟಿಯರಿಂಗಿನ ಕಪ್ಪಿನ ಮೇಲೆ ಇಟ್ಟಳು. ಎರಡೂ ಅಚ್ಚು ಹಾಕಿದಂತೆ ಕೂತವು. ನಾನು ಬಾಗಿಲು ಹಿಡಿದು ನಿಂತಿದ್ದೆ. ಈಗ ಹೇಳಬೇಕು ಅಂದುಕೊಳ್ಳುತ್ತಿದ್ದೆ, ಹಿಂದೆ ಮುದುಕಿ ನಗುತ್ತ ಕೂತಿದ್ದಳು.

ಆಗ ಅವಳು, ತಾನು ಕೇಳಿಕೊಂಡದ್ದು ಉಳಿದಿದೆಯೋ ಎಂದು ನೋಡುವವಳ ಹಾಗೆ, ಮೊಣಕಾಲಿನ ನಡುವೆ ತಲೆ ಬಗ್ಗಿಸಿದಳು.

ಬಗ್ಗಿದವಳು ಮೇಲೇಳಲಿಲ್ಲ. ಅವಳ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಬೆನ್ನು ಒಂದು ಸಲ ಉಬ್ಬಿತು, ಆಮೇಲೆ ಅಲುಗಲಿಲ್ಲ.

"ಏನ ಹುಡಕಾಕತ್ತೀ ನೀಲಾ?" ಹಿಂದಿನಿಂದ ಗುರುಸಿದ್ದವ್ವ ಕೇಳಿದಳು.

"ಏನಿಲ್ಲತ್ತಿ. ಬಳಿ ಚೂರ ಬಿದ್ದಿತ್ತು."

ತಲೆ ಎತ್ತಿದಾಗ ಅವಳ ಮುಖ ತೊಳೆದಿಟ್ಟ ಹಾಗಿತ್ತು. ನನ್ನನ್ನು ನೋಡಿದಳು. "ಯಾವಾಗ?" ಎಂದಳು, ನನಗೆ ಮಾತ್ರ ಕೇಳುವ ಹಾಗೆ.

"ಮೊದಲನೇ ದಿನಾನವಾ. ನೀವು ಬಂದು ಹೇಳೂದಕ್ಕಿಂತ ಮೊದಲs. ಗ್ರೀಸ್ ಅಂದಕೊಂಡ್ನಿ."

ಅವಳು ಬಾಗಿಲಿನಿಂದ ತೆಗೆದ ನನ್ನ ಕೈ ನೋಡಿದಳು. ಅಂಗೈಯ ಗೆರೆಗಳಲ್ಲಿ ಮಸಿ ಇನ್ನೂ ಇತ್ತು. ನಮ್ಮೂರಿನಲ್ಲಿ ಹುಟ್ಟಿದವಳು, ಮಸಿ ಯಾವುದು, ಯಾಕೆ ಎಂದು ಬಿಡಿಸಿ ಹೇಳಬೇಕಾಗಲಿಲ್ಲ.

"ಹಚ್ಚಲಿಲ್ಲ," ಎಂದಳು.

"ಆಗಲಿಲ್ಲವಾ."

ನೀಲಗಂಗಾ ಮುಂದಿನ ಗಾಜಿನಾಚೆ ನೋಡಿದಳು. ಗಾಜು ಎಷ್ಟು ಸ್ವಚ್ಛವಾಗಿತ್ತೆಂದರೆ ಅಲ್ಲಿ ಗಾಜಿದೆ ಎಂದೇ ತಿಳಿಯುತ್ತಿರಲಿಲ್ಲ. ನನ್ನ ಕೆಲಸವನ್ನು ನಾನು ಅಷ್ಟು ಶಪಿಸಿದ್ದು ಅದೇ ಮೊದಲು. ಆಮೇಲೆ ಅವಳು ಬೆನ್ನ ಹಿಂದಿನ ಕೌದಿಯನ್ನು ಎಳೆದು ತೆಗೆದು, ಹಿಂದಕ್ಕೆ ಕೈ ಚಾಚಿ ಅತ್ತೆಯ ಮಡಿಲಲ್ಲಿ ಇಟ್ಟಳು. ಕೆಳಗೆ ಕೈ ಹಾಕಿ ಆ ಬಿಳಿ ಹಿಡಿಯನ್ನು ಹಿಡಿದಳು. ಅವನ ಕೈಗಷ್ಟೇ ಬಗ್ಗುತ್ತಿದ್ದ ಹಿಡಿ, ನಾನು ಎಣ್ಣೆ ಹಾಕಿದ್ದರಿಂದ ಸಲೀಸಾಗಿ ಎದ್ದಿತು. ಸೀಟನ್ನು ತನ್ನ ಕಾಲು ಪೆಡಲಿಗೆ ಸರಿಯಾಗಿ ಮುಟ್ಟುವವರೆಗೆ ಮುಂದಕ್ಕೆ ಎಳೆದುಕೊಂಡಳು. ಹಳಿಯ ಮೇಲೆ ಕಿರ್ರೆಂದು ಸದ್ದಾಯಿತು.

ಗುರುಸಿದ್ದವ್ವನಿಗೆ ಕಣ್ಣು ಹೋಗಿದ್ದರೂ ಕಿವಿ ಚುರುಕು. "ಸೀಟ್ ಸರಿಸಿದೇನು? ಅಂವ ಬಂದ್ರ ಬೈತಾನ ನೋಡ," ಎಂದಳು ನಗುತ್ತ.

"ಬೈಲಿ ಬಿಡ್ರಿ ಅತ್ತಿ," ನೀಲಗಂಗಾ ಕೀ ತಿರುವಿದಳು. "ಬಂದು ಬೈಲಿ."

ಕಾರು ಒಮ್ಮೆ ಮುಗ್ಗರಿಸಿ ನಿಂತಿತು. ಅವಳು ಕಣ್ಣೊರೆಸಿಕೊಂಡು ಮತ್ತೆ ಕೀ ತಿರುವಿದಳು.